ಹೊಸ ಬುಷ್ ಅನ್ನು ಪೆಟ್ರೋಲಿನಲ್ಲಿ ತೊಳೆಯಲು ಬಿಡಬೇಡಿ

ದಾವಣಗೆರೆಯಲ್ಲಿ ನಮ್ಮದು ಮಿರ್ಚಿ ಮಂಡಕ್ಕಿ ಅಂಗಡಿ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ದಿನಗಳಲ್ಲಿ ಬಾಣಲೆ ಒಲೆಯಿಂದ ಇಳಿಯುವುದೇ ಇಲ್ಲ. ಈ ಸಲ ಜಾತ್ರೆಯ ಸಂಜೆ, ಅಂಗಡಿ ತುಂಬಾ ಜನ ಇರುವಾಗ, ಒಲೆ ಮೇಲಿನ ಎಕ್ಸಾಸ್ಟ್ ಫ್ಯಾನು ಕಿರ್ರೆಂದು ಅರಚಿ ನಿಂತುಬಿಟ್ಟಿತು. ನಾನು ಸ್ವಿಚ್ ಆರಿಸುವಷ್ಟರಲ್ಲಿ ವೈಂಡಿಂಗ್ ಸುಟ್ಟ ವಾಸನೆ. ಮೆಣಸಿನಕಾಯಿ ಘಾಟು ತಡೆಯಲಾರದೆ ಗಿರಾಕಿಗಳು ಕೆಮ್ಮುತ್ತಾ ಎದ್ದು ಹೋದರು. ಅದೇ ಫ್ಯಾನಿಗೆ ಹೊಸ ಬುಷ್, ಅಂದರೆ ಮೋಟಾರಿನ ಶಾಫ್ಟ್ ಒಳಗೆ ಕೂತು ತಿರುಗುವ ಲೋಹದ ಸಣ್ಣ ಕೊಳವೆ, ಹಾಕಿಸಿ ಹದಿನೈದು ದಿನವೂ ಆಗಿರಲಿಲ್ಲ.

ಆ ರಿಪೇರಿ ನನ್ನ ಕಣ್ಣೆದುರೇ ನಡೆದಿತ್ತು. ಪೊಟ್ಟಣದಿಂದ ತೆಗೆದ ಹೊಸ ಬುಷ್ ಕೈಗೆ ಜಿಡ್ಡು ಜಿಡ್ಡಾಗಿತ್ತು. ತುಕ್ಕು ಹಿಡಿಯದಿರಲಿ ಅಂತ ಹಚ್ಚಿದ ಎಣ್ಣೆ ಎಂದು ಮೆಕ್ಯಾನಿಕ್ ಅದನ್ನು ಪೆಟ್ರೋಲಿನಲ್ಲಿ ನೆನೆಹಾಕಿ, ಬ್ರಷ್ಷಿನಿಂದ ಉಜ್ಜಿ, ಫಳಫಳ ಮಾಡಿದ. ಶಾಫ್ಟ್ ಸ್ವಲ್ಪ ಬಿಗಿ ಬಂತು. ಕಡ್ಡಿಗೆ ಎಮರಿ ಪೇಪರ್ ಸುತ್ತಿ ಬುಷ್ಷಿನ ಒಳಗೆ ತಿಕ್ಕಿದ. ಬುಷ್ಷಿನ ಸುತ್ತ ಇರುವ ಫೆಲ್ಟ್ (ಒತ್ತಿದ ಉಣ್ಣೆಯ ದಪ್ಪ ಬಟ್ಟೆ) ಉಂಗುರ ಕಪ್ಪಾಗಿದೆ ಎಂದು ಎಸೆದ, ಆ ಜಾಗಕ್ಕೆ ಗ್ರೀಸ್ ಮೆತ್ತಿದ. ಎಷ್ಟು ಶುದ್ಧವಾಗಿ ಕೆಲಸ ಮಾಡುತ್ತಾನೆ ಎಂದು ನನಗೆ ಆಗ ಖುಷಿಯೇ ಆಗಿತ್ತು. ಅವನು ಮಾಡಿದ ಈ ನಾಲ್ಕೂ ತಪ್ಪು.

ನಮ್ಮ ಸೋದರಮಾವ ಇಲ್ಲಿನ ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರು. ಜಾಮ್ ಆದ ಮೋಟಾರು ಬಿಚ್ಚಿ ನೋಡಿದರು. ಬುಷ್ ಕೂತಿದ್ದ ಕಡೆ ಶಾಫ್ಟ್ ನೀಲಿಗಟ್ಟಿ, ಉಗುರಿಗೆ ಸಿಗುವಷ್ಟು ಗೀರು ಬಿದ್ದಿತ್ತು. ಅವರು ಏನೂ ಹೇಳದೆ ಇನ್ನೊಂದು ಹೊಸ ಬುಷ್ ತರಿಸಿ, ಒರೆಸಿ, ಬಿಸಿಲಿಗೆ ಕಾದ ತಗಡಿನ ಮೇಲೆ ಇಟ್ಟರು. ಪಕ್ಕದಲ್ಲೇ ಸುಟ್ಟ ಬುಷ್. ಸ್ವಲ್ಪ ಹೊತ್ತಿಗೆ ಹೊಸದರ ಮೈಮೇಲೆ ಬೆವರಿನ ಹಾಗೆ ಸಣ್ಣ ಸಣ್ಣ ಎಣ್ಣೆ ಹನಿ ಎದ್ದವು. ನೆರಳಿಗೆ ತಂದು ಆರಿಸಿದರೆ ಅವೇ ಹನಿಗಳು ಒಳಗೆ ಇಂಗಿಹೋದವು. ಹಳೆಯದು ಒಣಗಿದ ಹಂಚಿನ ಹಾಗೆ ಬಿದ್ದಿತ್ತು. "ನೋಡಪ್ಪ, ಇದರ ಹೊಟ್ಟಿಯೊಳಗೇ ಎಣ್ಣಿ ಐತಿ. ಅದನ್ನೇ ತೊಳದು ಕಳದಾನ ಅವನು" ಅಂದರು.

ಈ ಬುಷ್ ಎರಕ ಹೊಯ್ದದ್ದಲ್ಲ. ತಾಮ್ರ ಸುಮಾರು 90 ಪಾಲು, ತವರ 10 ಪಾಲು ಸೇರಿದ ಪುಡಿಯನ್ನು ಒತ್ತಿ, ಕರಗದಷ್ಟು ಕಾಯಿಸಿ ಮಾಡಿದ್ದು. ಇದಕ್ಕೇ ಸಿಂಟರ್ಡ್ ಬುಷ್ ಅನ್ನುತ್ತಾರೆ. ಒಟ್ಟು ಗಾತ್ರದಲ್ಲಿ ಸುಮಾರು ಐದನೇ ಒಂದು ಭಾಗ ಬರೀ ಸಣ್ಣ ರಂಧ್ರಗಳು. ಅವುಗಳಲ್ಲಿ ಎಣ್ಣೆ ತುಂಬಿರುತ್ತದೆ. ಶಾಫ್ಟ್ ತಿರುಗಿ ಬಿಸಿಯಾದಾಗ ಎಣ್ಣೆ ಹೊರಗೆ ಬರುತ್ತದೆ, ನಿಂತು ತಣ್ಣಗಾದಾಗ ವಾಪಸ್ ಹೀರಿಕೊಳ್ಳುತ್ತದೆ. ಎಮರಿ ತಿಕ್ಕಿದರೆ ಮೆತ್ತನೆಯ ಲೋಹ ಹರಡಿ ರಂಧ್ರದ ಬಾಯಿ ಮುಚ್ಚುತ್ತದೆ, ಎಮರಿಯ ಕಣವೂ ಅಲ್ಲೇ ಕಚ್ಚಿಕೊಳ್ಳುತ್ತದೆ. ಉಳಿದದ್ದನ್ನು ಗ್ರೀಸ್ ಮುಚ್ಚುತ್ತದೆ. ಫೆಲ್ಟ್ ಎಂದರೆ ಬುಷ್ಷಿಗೆ ಎಣ್ಣೆ ಉಣಿಸುವ ಬುತ್ತಿ, ಅದೂ ಹೋಯಿತು. ಎರಕ ಹೊಯ್ದ ಕಂಚಿನ ಗನ್ ಮೆಟಲ್ ಬುಷ್ ನೋಡಲು ಹೀಗೇ ಇದ್ದರೂ ಅದಕ್ಕೆ ಹೊರಗಿನಿಂದ ಗ್ರೀಸ್ ಅಥವಾ ಎಣ್ಣೆ ಬೇಕು. ಗೊಂದಲ ಹುಟ್ಟುವುದು ಇಲ್ಲೇ.

ಹಾಗಾಗಿ ಅಂಗಡಿಯಲ್ಲಿ "ಸಿಂಟರ್ಡ್ ಬುಷ್ಷಾ, ಗನ್ ಮೆಟಲ್ಲಾ?" ಅಂತ ಕೇಳಿಯೇ ತನ್ನಿ. ಸಿಂಟರ್ಡ್ ಆದರೆ ಪೇಪರಿನಲ್ಲಿ ಸುತ್ತಿಡಬೇಡಿ, ಪೇಪರು ಎಣ್ಣೆ ಕುಡಿಯುತ್ತದೆ, ಪ್ಲಾಸ್ಟಿಕ್ ಕವರಿನಲ್ಲಿರಲಿ. ಬಿಗಿ ಬಂದರೆ ಸರಿಯಾದ ಅಳತೆಯ ಬುಷ್ ಬದಲಿಸಿ, ತಿಕ್ಕಿಸಬೇಡಿ. ಸುತ್ತಿಗೆಯಿಂದ ನೇರ ಹೊಡೆಯಲೂ ಬಿಡಬೇಡಿ. ಫೆಲ್ಟಿಗೆ ತೆಳುವಾದ ಮೆಷಿನ್ ಆಯಿಲ್ ನಾಲ್ಕು ಹನಿ ಸಾಕು. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಬಿಡುವ ಅಭ್ಯಾಸ ನಮ್ಮ ಕಡೆ ಬಹಳ. ಅವು ಸ್ವಲ್ಪ ದಿನಕ್ಕೆ ಅಂಟಾಗಿ ರಂಧ್ರ ಕಟ್ಟುತ್ತವೆ. ಒಣಗಿದ ಬುಷ್ಷನ್ನು ಬಿಸಿ ಎಣ್ಣೆಯಲ್ಲಿ ನೆನೆಸಿ, ಅದರಲ್ಲೇ ಆರಲು ಬಿಟ್ಟರೆ ಮತ್ತೆ ಎಣ್ಣೆ ಹಿಡಿಯುತ್ತದೆ. ಆದರೆ ಪೆಟ್ರೋಲ್ ತಾಗಿದ್ದನ್ನು ಬಿಸಿ ಎಣ್ಣೆಗೆ ಹಾಕುವ ಸಾಹಸ ಬೇಡ, ಬೆಂಕಿ ಹತ್ತೀತು.

ಬೂದು ಬಣ್ಣದ ತೆಳು ಪದರ ಇರುವ ಟೆಫ್ಲಾನ್ ಬುಷ್ ಸಿಕ್ಕರೆ ಅದನ್ನಂತೂ ಕೆರೆಯಲೇಬಾರದು. ಮೊದಲ ಓಟದಲ್ಲಿ ಆ ಪದರದ ಒಂದಿಷ್ಟು ಶಾಫ್ಟಿಗೆ ಅಂಟಿಕೊಳ್ಳುತ್ತದೆ, ಅದೇ ಅದರ ಜಾರುವ ಗುಟ್ಟು. ಕೊಳೆ ಅಂತ ಒರೆಸಿ ತೆಗೆಯಬೇಡಿ.

ಮಾವ ಹೊಸ ಶಾಫ್ಟ್, ಹೊಸ ವೈಂಡಿಂಗ್ ಆದ ಮೋಟಾರಿಗೆ ಬುಷ್ ಕೂರಿಸಿ, ಮೊದಲು ರೆಕ್ಕೆ ಇಲ್ಲದೆ ಒಂದು ಗಂಟೆ ಓಡಿಸಿದರು. ಆಗಾಗ ನಿಲ್ಲಿಸಿ, ಪ್ಲಗ್ ಕಿತ್ತು, ಬುಷ್ ಇರುವ ಕಡೆ ಕೈ ಇಟ್ಟು ನೋಡುತ್ತಿದ್ದರು. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಬಿಚ್ಚುತ್ತಿದ್ದೆ ಅಂದರು. ಬರೀ ಬೆಚ್ಚಗಿತ್ತು. ರಾತ್ರಿ ರೆಕ್ಕೆ ಹಾಕಿ ಒಲೆ ಮೇಲೆ ಏರಿಸಿದೆವು.