ಸ್ಮಾರ್ಟ್ ರೇಡಿಯೇಟರ್ ವಾಲ್ವ್: ಎಂಟು ಬೇಡ, ಮೂರು ಸಾಕು

ಬ್ರಿಟನ್ನಿನಲ್ಲಿ ಗ್ಯಾಸ್ ಬಿಲ್ ಕಂಡು ಗಾಬರಿಯಾದವರಿಗೆ ಸಿಗುವ ಮೊದಲ ಸಲಹೆ ಸಾಮಾನ್ಯವಾಗಿ ಒಂದೇ: ಪ್ರತಿ ರೇಡಿಯೇಟರಿಗೂ ಸ್ಮಾರ್ಟ್ ವಾಲ್ವ್ ಹೆಡ್ (ಆಪ್ ಹೇಳಿದಂತೆ ಬಿಸಿನೀರಿನ ವಾಲ್ವನ್ನು ತೆರೆದು ಮುಚ್ಚುವ ತಲೆ) ಹಾಕಿ, ಬೇಕಾದ ಕೋಣೆಯನ್ನಷ್ಟೇ ಬಿಸಿ ಮಾಡಿ. ಈ ವಿಮರ್ಶೆ ಆ ಸಲಹೆಯಂತೆ ನಡೆದ ಮನೆಯದು. ಮೂರು ಮಲಗುವ ಕೋಣೆಗಳ ಹಳೆಯ ಸೆಮಿ ಡಿಟ್ಯಾಚ್ಡ್ (ಒಂದು ಗೋಡೆ ಪಕ್ಕದ ಮನೆಗೆ ಅಂಟಿದ) ಮನೆ, 30 ಕಿಲೋವ್ಯಾಟಿನ ಕಾಂಬಿ ಬಾಯ್ಲರ್ (ರೇಡಿಯೇಟರಿಗೂ ನಲ್ಲಿಗೂ ಒಂದೇ ಯಂತ್ರ, ಬಿಸಿನೀರು ಕೂಡಿಡುವ ತೊಟ್ಟಿ ಇಲ್ಲ), ಎಂಟು ರೇಡಿಯೇಟರ್, ಹಗಲು ಒಬ್ಬರು ಮನೆಯಿಂದಲೇ ಕೆಲಸ. ಕೆಲವು ಚಳಿಗಾಲ ಬಳಸಿಯಾಗಿದೆ. ಆಪ್ ಹೇಗಿದೆ, ಯಾವ ಸ್ಪೀಕರಿನ ಜೊತೆ ಮಾತಾಡುತ್ತದೆ ಎಂಬುದೆಲ್ಲ ಪೆಟ್ಟಿಗೆಯ ಮೇಲೇ ಇದೆ, ಅದನ್ನು ಬಿಡುತ್ತೇನೆ.

ದೊಡ್ಡ ದೋಷವನ್ನೇ ಮೊದಲು ಹೇಳಬೇಕು, ಅದನ್ನು ಪೆಟ್ಟಿಗೆಯ ಮೇಲೆ ಯಾರೂ ಬರೆದಿಲ್ಲ. ಈ ಹೆಡ್‌ಗಳು ವಾಲ್ವ್ ತೆರೆದು ಮುಚ್ಚುವುದಷ್ಟೇ ಅಲ್ಲ, ಕೋಣೆ ತಣ್ಣಗಾದರೆ ಬಾಯ್ಲರನ್ನೂ ಹೊತ್ತಿಸುತ್ತವೆ. ಕೆಲಸದ ಕೋಣೆಯೊಂದೇ ಬಿಸಿ ಕೇಳಿತು ಎನ್ನಿ. ಅಲ್ಲಿನ ಸಣ್ಣ ರೇಡಿಯೇಟರ್ ಹೊರಹಾಕಬಲ್ಲದ್ದು ಹೆಚ್ಚೆಂದರೆ ಒಂದು ಕಿಲೋವ್ಯಾಟ್. ಹಳೆಯ 30 ಕಿಲೋವ್ಯಾಟಿನ ಕಾಂಬಿ ಎಷ್ಟೇ ತಗ್ಗಿದರೂ ಆರೇಳು ಕಿಲೋವ್ಯಾಟಿಗಿಂತ ಕೆಳಗಿಳಿಯುವುದು ಕಷ್ಟ. ಒಂದು ಲೋಟ ಕಾಫಿಗೆ ಹಂಡೆ ಒಲೆ ಹಚ್ಚಿದ ಹಾಗೆ. ಪೈಪಿನ ನೀರು ಕೆಲವೇ ನಿಮಿಷದಲ್ಲಿ ಮಿತಿ ಮುಟ್ಟುತ್ತದೆ, ಬಾಯ್ಲರ್ ಆರುತ್ತದೆ, ಸ್ವಲ್ಪ ಹೊತ್ತು ಕಾದು ಮತ್ತೆ ಹೊತ್ತಿಕೊಳ್ಳುತ್ತದೆ. ಪ್ರತಿ ಸಲ ಹೊತ್ತುವ ಮೊದಲು, ಆರಿದ ಮೇಲೆ ಫ್ಯಾನ್ ತಿರುಗಿ ಒಳಗಿನ ಬಿಸಿಯನ್ನು ಹೊರಗೆ ಊದುತ್ತದೆ. ಉಳಿತಾಯವೆಂದು ಆರು ಕೋಣೆ ಮುಚ್ಚಿದಷ್ಟೂ ಈ ಹೊತ್ತುವ, ಆರುವ ಆಟ ಹೆಚ್ಚುತ್ತದೆ. ಈ ಹೆಡ್ ಒಂದಕ್ಕೆ 50 ಪೌಂಡ್ ತೆಗೆದುಕೊಳ್ಳುವವರು ಇದನ್ನು ಮೊದಲೇ ತಿಳಿಸಬೇಕಿತ್ತು ಎಂಬ ಸಿಟ್ಟು ನನಗೆ ಇನ್ನೂ ಇದೆ.

ನಿಮ್ಮ ಮನೆಯಲ್ಲಿ ಹೀಗಾಗುತ್ತಿದೆಯೇ ಎಂದು ತಿಳಿಯಲು ಒಂದೇ ಕೋಣೆಯ ವಾಲ್ವ್ ತೆರೆದಿಟ್ಟು ಬಾಯ್ಲರಿನ ಮುಂದೆ ಅರ್ಧ ಗಂಟೆ ಕೂತು, ಜ್ವಾಲೆಯ ಗುರುತು ಎಷ್ಟು ಸಲ ಬಂದು ಹೋಯಿತು ನೋಡಿ. ಕೆಲವೇ ನಿಮಿಷಕ್ಕೊಮ್ಮೆ ಬಂದು ಹೋಗುತ್ತಿದ್ದರೆ ಗ್ಯಾಸ್ ಪೋಲಾಗುತ್ತಿದೆ.

ಇದಕ್ಕೆ ಮದ್ದು ಇದೆ, ಮತ್ತು ಅದರಲ್ಲಿ ಹೆಚ್ಚಿನದು ಪುಕ್ಕಟೆ. ಆಪ್‌ನಲ್ಲಿ ಬಾಯ್ಲರ್ ಹೊತ್ತಿಸುವ ಅಧಿಕಾರವನ್ನು ದೊಡ್ಡ ರೇಡಿಯೇಟರ್ ಇರುವ ಒಂದೆರಡು ಕೋಣೆಗಷ್ಟೇ ಕೊಡಿ. ಉಳಿದವು ಬಾಯ್ಲರ್ ಹೊತ್ತಿದಾಗ ಮಾತ್ರ ತಮ್ಮ ಪಾಲು ತೆಗೆದುಕೊಳ್ಳಲಿ. ಹಜಾರದ್ದೋ ಬಚ್ಚಲುಮನೆಯದ್ದೋ ಒಂದು ರೇಡಿಯೇಟರಿಗೆ ಹೆಡ್ ಹಾಕದೆ ಸದಾ ತೆರೆದಿಡಿ. ಎಲ್ಲ ವಾಲ್ವ್ ಒಟ್ಟಿಗೆ ಮುಚ್ಚಿಕೊಂಡರೆ ಪಂಪಿನ ನೀರಿಗೆ ಹಾದಿ ಬೇಕಲ್ಲ. ವಾರ್ಷಿಕ ಸರ್ವೀಸಿಗೆ ಬಂದ ಗ್ಯಾಸ್ ಎಂಜಿನಿಯರಿಗೆ ಹೇಳಿ, ರೇಡಿಯೇಟರುಗಳಿಗೆ ಹೋಗುವ ಗರಿಷ್ಠ ಶಕ್ತಿಯನ್ನು 12 ಕಿಲೋವ್ಯಾಟಿನ ಆಸುಪಾಸಿಗೆ ಇಳಿಸಿ. ನಲ್ಲಿಯ ಬಿಸಿನೀರಿಗೆ ಇದರಿಂದ ಏನೂ ಆಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯ, ಬಾಯ್ಲರಿನಿಂದ ರೇಡಿಯೇಟರಿಗೆ ಹೊರಡುವ ನೀರಿನ ಬಿಸಿ. ಹೆಚ್ಚಿನ ಕಾಂಬಿಗಳಲ್ಲಿ ಎರಡು ಗುಬುಟು ಇರುತ್ತವೆ, ಒಂದರ ಮೇಲೆ ನಲ್ಲಿಯ ಚಿತ್ರ, ಇನ್ನೊಂದರ ಮೇಲೆ ರೇಡಿಯೇಟರಿನದು. ಎರಡನೆಯದು ಅನೇಕ ಮನೆಗಳಲ್ಲಿ 75, 80 ಡಿಗ್ರಿಯಲ್ಲೇ ಕೂತಿರುತ್ತದೆ. ಇಂಗ್ಲೆಂಡಿನಲ್ಲಿ 2005ರಿಂದ ಹೊಸದಾಗಿ ಕೂರಿಸಿದ ಬಾಯ್ಲರುಗಳು ಬಹುತೇಕ ಎಲ್ಲವೂ ಕಂಡೆನ್ಸಿಂಗ್ ಬಗೆಯವು, ಅಂದರೆ ಹೊಗೆಯಲ್ಲಿನ ನೀರಾವಿಯನ್ನು ನೀರಾಗಿಸಿ ಅದರ ಬಿಸಿಯನ್ನೂ ಹಿಂಪಡೆಯುವಂಥವು. ಅದು ನಡೆಯಬೇಕಾದರೆ ರೇಡಿಯೇಟರಿನಿಂದ ಮರಳುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿರಬೇಕು. 80ರಲ್ಲಿ ಹೊರಟ ನೀರು ಅಷ್ಟು ತಣಿದು ಬರುವುದು ಅಪರೂಪ. ಮೊದಲು 60ಕ್ಕೆ ಇಳಿಸಿ, ಒಂದೆರಡು ವಾರ ನೋಡಿ 55ಕ್ಕೆ ತನ್ನಿ. ಬಾಯ್ಲರಿನಿಂದ ಮೋರಿಗೆ ಹೋಗುವ ಪ್ಲಾಸ್ಟಿಕ್ ಕೊಳವೆಯಲ್ಲಿ ನೀರು ತೊಟ್ಟಿಕ್ಕುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ಬೆಳಗಿನ ಹೊತ್ತು ಆ ತೊಟ್ಟಿಕ್ಕುವ ಸದ್ದು ಕೇಳುವುದು ನಿಜಕ್ಕೂ ಸಂತೋಷ.

ಆದರೆ ರೇಡಿಯೇಟರಿನ ಕಸುವು ಇಳಿಯುತ್ತದೆ, ಅದು ಗೊತ್ತಿರಲಿ. 600 ಮಿ.ಮೀ. ಎತ್ತರ, ಒಂದು ಮೀಟರ್ ಅಗಲದ ಜೋಡಿ ಪ್ಯಾನೆಲ್ಲಿನದು ಕ್ಯಾಟಲಾಗಿನಲ್ಲಿ ಸುಮಾರು 1.7 ಕಿಲೋವ್ಯಾಟ್. ನೀರು 55ರಲ್ಲಿ ಹೋಗಿ 45ರಲ್ಲಿ ಬಂದರೆ ಅದರಿಂದ ಸಿಗುವುದು 0.9ರಷ್ಟೇ. ಹಾಗಾಗಿ ಏಳೂವರೆಗೆ ಬೆಚ್ಚಗಾಗಬೇಕಾದ ಕೋಣೆಗೆ ಆರೂವರೆಗೇ ಶುರು ಮಾಡಬೇಕು. ಹೊರಗೆ ಸೊನ್ನೆಗಿಂತ ಕೆಳಗಿಳಿದ ದಿನ ಗುಬುಟನ್ನು 65ಕ್ಕೆ ಏರಿಸಿ, ಮುಜುಗರ ಬೇಡ. ಒಂದು ಎಚ್ಚರಿಕೆ: ಇದು ಕಾಂಬಿಗೆ ಮಾತ್ರ. ಬಿಸಿನೀರಿನ ಸಿಲಿಂಡರ್ (ಕಾಯಿಸಿದ ನೀರು ಕೂಡಿಡುವ ತೊಟ್ಟಿ) ಇರುವ ಮನೆಯಲ್ಲಿ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯದಿರಲು ಸಿಲಿಂಡರ್ 60 ಡಿಗ್ರಿ ಮುಟ್ಟಲೇಬೇಕು, ಬಾಯ್ಲರಿನಿಂದ ಹೊರಡುವ ನೀರು ಅದಕ್ಕಿಂತ ಬಿಸಿಯಿರಬೇಕು.

ಇಷ್ಟು ಮಾಡಿದ ಮೇಲೆ ಈ ಹೆಡ್‌ಗಳ ಬಗ್ಗೆ ನನ್ನ ಮನಸ್ಸು ಮೆತ್ತಗಾಗಿದೆ. ಕೂರಿಸುವುದಂತೂ ಸಲೀಸು, ನೀರು ಖಾಲಿ ಮಾಡಬೇಕಿಲ್ಲ. ಹಳೆಯ ಹೆಡ್ಡನ್ನು 5ಕ್ಕೆ ತಿರುಗಿಸಿ, ಬಳೆ ಸಡಿಲಿಸಿ ತೆಗೆಯಿರಿ. ಹೆಚ್ಚಿನವು 30 ಮಿ.ಮೀ., 1.5 ಪಿಚ್ಚಿನ ಥ್ರೆಡ್, ಉಳಿದವಕ್ಕೆ ಅಡಾಪ್ಟರ್ ಜೊತೆಗೇ ಬರುತ್ತದೆ. ಹೊಸದನ್ನು ಹಾಕುವ ಮೊದಲು ಒಳಗಿನ ಪಿನ್ನನ್ನು ಮರದ ತುಂಡಿನಿಂದ ಒತ್ತಿ ನೋಡಿ, ಮೂರು ನಾಲ್ಕು ಮಿ.ಮೀ. ಒಳಹೋಗಿ ತಾನೇ ಚಿಮ್ಮಿ ಬರಬೇಕು. ಬೇಸಿಗೆಯಲ್ಲಿ ಮುಚ್ಚಿಟ್ಟಿದ್ದರೆ ಅಂಟಿಕೊಂಡಿರುತ್ತದೆ. ಸಿಲಿಕೋನ್ ಸ್ಪ್ರೇ ಬಿಟ್ಟು ಮೆಲ್ಲಗೆ ಒತ್ತಿ ಒತ್ತಿ ಬಿಡಿಸಿ. ಇಕ್ಕಳದಿಂದ ಎಳೆಯಲೇಬೇಡಿ, ಪಿನ್ ಕಿತ್ತು ಬಂದರೆ ನೀರು ಕಾರ್ಪೆಟ್ಟಿಗೆ ಬರುತ್ತದೆ. ಸ್ಮಾರ್ಟ್ ಹೆಡ್ ವಾರಕ್ಕೊಮ್ಮೆ ತಾನೇ ವಾಲ್ವ್ ಆಡಿಸಿ ಈ ಕಾಟ ತಪ್ಪಿಸುತ್ತದೆ. ನನಗೆ ತುಂಬ ಹಿಡಿಸಿದ ಗುಣ ಇದು.

ಹೆಡ್‌ನೊಳಗೆ ಬಿಸಿ ಅಳೆಯುವ ಕಣ್ಣು ಇರುವ ಜಾಗ ಮಾತ್ರ ಸರಿಯಿಲ್ಲ. ರೇಡಿಯೇಟರಿನ ಬುಡದಲ್ಲಿ, ಬಿಸಿ ಪೈಪಿಗೆ ಅಂಟಿಕೊಂಡು ಕೂತು ಕೋಣೆಯ ಬಿಸಿ ಅಳೆಯುತ್ತದೆ. ಕರ್ಟನ್ ಅಥವಾ ಸೋಫಾ ಅಡ್ಡ ಬಂದರೆ ಅಲ್ಲಿ 21 ತೋರಿಸುವಾಗ ಕುರ್ಚಿಯ ಬಳಿ 17 ಇರುತ್ತದೆ. ಕೂತಾಗಿನ ಎತ್ತರಕ್ಕೆ, ಗೋಡೆಯಿಂದ ದೂರ ಒಂದು ಥರ್ಮಾಮೀಟರ್ ಇಟ್ಟು, ಎರಡು ಗಂಟೆ ಬಿಟ್ಟು ವ್ಯತ್ಯಾಸವನ್ನು ಆಪ್‌ನ ಆಫ್‌ಸೆಟ್ಟಿನಲ್ಲಿ (ಅಳತೆ ತಿದ್ದುವ ಜಾಗ) ತುಂಬಿ. ಕರ್ಟನ್ ಕಿಟಕಿಯ ಹಲಗೆಯವರೆಗೆ ಮಾತ್ರ ಇರಲಿ.

ಬೆಳಗಿನ ಕ್ರಮ ಇದು: ಗಾಜಿನ ಮೇಲಿನ ನೀರು ಒರೆಸಿ, ಬಟ್ಟೆಯನ್ನು ಹೊರಗೆ ಹಿಂಡಿ, ಎಲ್ಲ ಕಿಟಕಿ ಹತ್ತು ನಿಮಿಷ ಅಗಲ ತೆರೆಯುವುದು. ಹೆಡ್ ತಾನೇ ಅದನ್ನು ಗುರುತಿಸಿ ವಾಲ್ವ್ ಮುಚ್ಚುತ್ತದೆ. ಅಡುಗೆಮನೆಯಲ್ಲಿ ಒಗ್ಗರಣೆಯ ಘಾಟು ಹೋಗಲು ಕಿಟಕಿ ತೆಗೆದಾಗಲೂ ಅಷ್ಟೇ. ಬಳಸದ ಕೋಣೆಯನ್ನು 15, 16 ಡಿಗ್ರಿಗಿಂತ ಕೆಳಗೆ ಬಿಡಬೇಡಿ, ಬಾಗಿಲು ಮುಚ್ಚಿಡಿ. ಇಲ್ಲವಾದರೆ ಕುಕ್ಕರಿನ ಹಬೆ, ಒಳಗೆ ಒಣಹಾಕಿದ ಬಟ್ಟೆಯ ತೇವ ಎಲ್ಲ ಅಲ್ಲಿನ ತಣ್ಣನೆ ಗೋಡೆಗೆ ಹೋಗಿ ಬೂಷ್ಟು ಹಿಡಿಯುತ್ತದೆ.

ಇನ್ನು ಹಿಟ್ಟಿನ ವಿಷಯ. ರಾತ್ರಿ ಅಡುಗೆಮನೆ 16ಕ್ಕೆ ಇಳಿದರೆ ಇಡ್ಲಿ ಹಿಟ್ಟು ಹುದುಗುವುದಿಲ್ಲ, ಮೊಸರೂ ಹೆಪ್ಪಾಗುವುದಿಲ್ಲ. ಹಿಂದೆ ಬಿಸಿನೀರಿನ ಸಿಲಿಂಡರ್ ಇದ್ದ ಏರಿಂಗ್ ಕಬರ್ಡಿನಲ್ಲಿ (ಬಟ್ಟೆ ಆರಿಸುವ ಬೆಚ್ಚನೆಯ ಬೀರು) ಪಾತ್ರೆ ಇಡುತ್ತಿದ್ದರು, ಕಾಂಬಿ ಬಂದ ಮೇಲೆ ಆ ಬೆಚ್ಚನೆಯ ಮೂಲೆ ಇಲ್ಲ. ಅದಕ್ಕಾಗಿ ಇಡೀ ಕೋಣೆಯನ್ನು ರಾತ್ರಿಯೆಲ್ಲ ಕಾಯಿಸಬೇಡಿ. ಹಿಟ್ಟಿನ ಪಾತ್ರೆಯನ್ನು ಆರಿದ ಓವನ್ನಿನಲ್ಲಿಟ್ಟು ಒಳಗಿನ ಹಳೆ ಬಗೆಯ ಬಲ್ಬ್ ಮಾತ್ರ ಹಚ್ಚಿಡಿ. ಬೆಳಿಗ್ಗೆ ಹಿಟ್ಟು ಅಂಚಿಗೆ ಬಂದಿರುತ್ತದೆ. ಬಲ್ಬ್ ಎಲ್‌ಇಡಿ ಆಗಿದ್ದರೆ ಬಿಸಿ ಸಾಲದು, ಬಿಸಿನೀರಿನ ಪಾತ್ರೆಯೊಂದನ್ನು ಪಕ್ಕದಲ್ಲಿಡಿ.

ಹಣದ ಲೆಕ್ಕ. ನಿಯಂತ್ರಕ ಸಂಸ್ಥೆ ಆಫ್‌ಜೆಮ್ ಸಾಮಾನ್ಯ ಮನೆಗೆ ಹಿಡಿದಿದ್ದ ಲೆಕ್ಕ ವರ್ಷಕ್ಕೆ 11,500 ಯೂನಿಟ್ (ಕಿಲೋವ್ಯಾಟ್ ಅವರ್) ಗ್ಯಾಸ್. ಯೂನಿಟ್ಟಿಗೆ ಆರು ಪೆನ್ಸ್ ಹಿಡಿದರೆ 690 ಪೌಂಡ್. ಎಂಟು ಹೆಡ್ಡಿಗೆ 400 ಪೌಂಡ್ ಸುರಿದು, ಹತ್ತನೇ ಒಂದು ಭಾಗ ಉಳಿದರೂ ಅಸಲು ಬರಲು ಆರು ವರ್ಷ ಬೇಕು, ನಡುವೆ ಬ್ಯಾಟರಿ ಖರ್ಚು ಬೇರೆ. ನಮ್ಮ ಮೀಟರಿನಲ್ಲಿ ಇಳಿತ ಸ್ಪಷ್ಟವಾಗಿ ಕಂಡದ್ದು ಹೆಡ್ ಹಾಕಿದಾಗಲ್ಲ, ನೀರಿನ ಬಿಸಿ ಇಳಿಸಿದಾಗ. ಇದನ್ನು ಬಿಲ್ಲಿನ ಪೌಂಡಿನಲ್ಲಿ ಅಳೆಯಬೇಡಿ, ದರ ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ. ವಾರಕ್ಕೊಮ್ಮೆ ಮೀಟರ್ ಓದಿ, ಘನ ಮೀಟರನ್ನು 11.2ರಿಂದ ಗುಣಿಸಿದರೆ ಹೆಚ್ಚುಕಡಿಮೆ ಯೂನಿಟ್ ಸಿಗುತ್ತದೆ. ಅಷ್ಟೇ ಚಳಿಯ ಇನ್ನೊಂದು ವಾರದೊಡನೆ ಹೋಲಿಸಿ.

ಹಾಗಾದರೆ ಯಾರು ಕೊಳ್ಳಬೇಕು? ಹೊತ್ತುಗೊತ್ತಿಲ್ಲದೆ ಬಳಸುವ ಕೋಣೆಗಳಿಗೆ, ಅಂದರೆ ಕೆಲಸದ ಕೋಣೆ, ಅತಿಥಿಗಳ ಕೋಣೆ, ಮಗುವಿನ ಕೋಣೆಗೆ ಮೂರು ತೆಗೆದುಕೊಳ್ಳಿ. ಉಳಿದವಕ್ಕೆ ಹತ್ತು ಹದಿನೈದು ಪೌಂಡಿನ ಸಾದಾ ಹೆಡ್ ಸಾಕು, 3ರ ಗುರುತಿಗೆ ಇಟ್ಟರೆ 20 ಡಿಗ್ರಿಯ ಸುತ್ತಮುತ್ತ ನಿಲ್ಲುತ್ತದೆ. ಗ್ಯಾಸ್ ಬಾಯ್ಲರಿನ ಬದಲು ವಿದ್ಯುತ್ತಿನ ಹೀಟ್ ಪಂಪ್ ಇರುವವರಿಗೆ ಇದು ಬೇಡ, ಅಲ್ಲಿ ರೇಡಿಯೇಟರುಗಳೆಲ್ಲ ತೆರೆದಿರುವುದೇ ಒಳ್ಳೆಯದು. ಬಾಡಿಗೆ ಮನೆಯವರು ಧಾರಾಳವಾಗಿ ಹಾಕಿಕೊಳ್ಳಬಹುದು. ತೆಗೆದ ಹಳೆಯ ಹೆಡ್‌ಗಳಿಗೆ ಕೋಣೆಯ ಹೆಸರು ಬರೆದು ಚೀಲದಲ್ಲಿ ಕಟ್ಟಿಡಿ, ಮನೆ ಬಿಡುವ ದಿನ ಮರಳಿ ಕೂರಿಸಲು ಒಂದಕ್ಕೆ ಐದು ನಿಮಿಷ ಸಾಕು.