ಕೊರಿಯನ್ ಬಾರಲ್ಲಿ ಸೋಜು ಕಾಕ್‌ಟೇಲಾ, ಮಕ್ಕೊಲ್ಲಿನಾ?

ಕಲ್ಯಾಣನಗರದ ಕಡೆ ಹೊಸದಾಗಿ ಶುರುವಾಗಿರೋ ಕೊರಿಯನ್ ಬಾರ್‌ಗೆ ಎರಡು ಶುಕ್ರವಾರ ಹೋಗ್ಬಂದೆ, ಮೊದಲ್ನೇ ಸಲ ಪೂರ್ತಿ ಸೋಜು ಅನ್ನೋ ಕೊರಿಯನ್ ಸ್ಪಿರಿಟ್‌ನ ಕಾಕ್‌ಟೇಲ್, ಎರಡನೇ ಸಲ ಮಕ್ಕೊಲ್ಲಿ ಅನ್ನೋ ಅಕ್ಕಿ ಮದ್ಯ, ಎರಡು ಸಲಾನೂ ಟೇಬಲ್ ಮೇಲೆ ಹೆಚ್ಚುಕಮ್ಮಿ ಅದೇ ಐಟಂಗಳು. ಜೊತೆಗೆ ಬಂದ ಗೆಳತಿ ಕೊರಿಯಾದ ಸಿಯೋಲ್‌ನಲ್ಲಿ ಎರಡು ವರ್ಷ ಕೆಲ್ಸ ಮಾಡಿ ಬಂದವಳು. "ಮೊದ್ಲು ಏನು ನಂಜ್ಕೊಳ್ಳೋದು ಅಂತ ನೋಡು ಕಣೋ, ಗ್ಲಾಸ್ ಆಮೇಲೆ" ಅಂತ ಹೇಳ್ತಾನೇ ಇದ್ಲು. ಕುಡಿಯೋವಾಗ ನಂಜ್ಕೊಳ್ಳೋದಕ್ಕೆ ಅವ್ರಲ್ಲಿ ಆಂಜು ಅಂತ ಬೇರೆ ಪದಾನೇ ಇದೆ.

ಕಾಕ್‌ಟೇಲ್‌ಗಳಲ್ಲಿ ನಂಗೆ ಹಿಡಿಸಿದ್ದು ಯುಜಾ ಹಾಕಿದ್ದು ಒಂದೇ. ಆ ಹಣ್ಣಿನ ಘಮ ನಮ್ಮ ಹೇರಳೆಕಾಯಿ ಸಿಪ್ಪೆ ಥರ, ಹುಳಿ ಜೊತೆ ಒಂಚೂರು ಕಹಿ, ಬಾಯಿ ಕ್ಲೀನ್ ಆಗುತ್ತೆ. ಯಾಕುಲ್ಟ್ (ಹುದುಗಿಸಿದ ಸಿಹಿ ಹಾಲಿನ ಪಾನೀಯ) ಹಾಕಿದ ಸೋಜು ಎರಡು ಗುಟುಕಿಗೆ ಚೆನ್ನಾಗಿದೆ, ಮೂರನೇದಕ್ಕೆ ಬರೀ ಸಿಹಿ. ಗೋಚುಜಾಂಗ್ ಮಾರ್ಗರಿಟಾ ಬೇಡವೇ ಬೇಡ, ಖಾರದ ಪೇಸ್ಟ್ ತಳದಲ್ಲಿ ಕೂತು ಕೊನೆಗೆ ಗಂಟಲಿಗೆ ಹತ್ತುತ್ತೆ.

ಸೋಜು ಕಾಕ್‌ಟೇಲ್ ಎಲ್ಲಾ ಸಿರಪ್ ಥರ ಯಾಕೆ ಅನ್ನಿಸುತ್ತೆ ಅಂದ್ರೆ ಹಸಿರು ಬಾಟಲಿ ಸೋಜುಗೇ ಅಂಥಾ ಸ್ವಂತ ರುಚಿ ಇಲ್ಲ. 1965ರಲ್ಲಿ ಅಕ್ಕಿ ಅಭಾವ ಅಂತ ಅಲ್ಲಿನ ಸರ್ಕಾರ ಧಾನ್ಯದಿಂದ ಸೋಜು ಮಾಡೋದನ್ನ ನಿಲ್ಲಿಸ್ತು, ಕಂಪನಿಗಳು ಗೆಣಸು, ಮರಗೆಣಸಿನ ಸ್ಪಿರಿಟ್‌ಗೆ ನೀರು, ಸಿಹಿ ಬೆರೆಸಿ ಮಾರೋಕೆ ಶುರು ಮಾಡಿದ್ವು, ನಿಷೇಧ ಹೋದಮೇಲೂ ಜನಕ್ಕೆ ಅದೇ ಅಭ್ಯಾಸವಾಗಿ ಉಳೀತು. ಹಾಗಾಗಿ ಏನು ಹಾಕಿದ್ರೂ ಅದರದ್ದೇ ರುಚಿ.

ಮಕ್ಕೊಲ್ಲಿ ಹಂಗಲ್ಲ. ನೋಡೋಕೆ ಅಕ್ಕಚ್ಚು, ಅಕ್ಕಿ ಬೇಯಿಸಿ ನುರುಕ್ ಅನ್ನೋ ಹುದುಗು ಹಾಕಿ ಮಾಡ್ತಾರೆ, ಆಲ್ಕೋಹಾಲ್ ಶೇಕಡಾ 6ರ ಹತ್ರ. ಮೂಸಿದ್ರೆ ರಾತ್ರಿ ಉಬ್ಬಿರೋ ದೋಸೆಹಿಟ್ಟಿನ ವಾಸನೆ, ಕುಡಿದ್ರೆ ಬೆಳಗಿನ ಕಳ್ಳು ನೆನಪಾಗುತ್ತೆ, ಆದ್ರೆ ಇನ್ನೂ ಮೆತ್ತಗೆ. ನಮಗೆ ಸಿಕ್ಕಿದ್ದು ಪಾಶ್ಚರೀಕರಿಸಿದ ಬಾಟಲಿ, ಅಲ್ಲಿನ ಫ್ರೆಶ್ ಮಾಲಿಗೆ ಇದಕ್ಕಿಂತ ಹುಳಿ ಜಾಸ್ತಿ ಅಂದ್ಲು ಗೆಳತಿ, ನಂಗೆ ಇದೇ ಸಾಕಾಯ್ತು.

ಅವತ್ತು ಹೊರಗೆ ಜೋರು ಮಳೆ, ಪಾಜಾನ್ ಬಂತು, ಈರುಳ್ಳಿ ಸೊಪ್ಪನ್ನ ಉದ್ದುದ್ದಕ್ಕೇ ಹಿಟ್ಟಲ್ಲಿ ಅದ್ದಿ ಅಂಚು ಗರಿಗರಿ ಆಗೋವರೆಗೂ ಎಣ್ಣೇಲಿ ಬೇಯಿಸಿರ್ತಾರೆ, ಕೊರಿಯಾದಲ್ಲೂ ಮಳೆ ಬಂದ್ರೆ ಜನ ಇದನ್ನ ಮಕ್ಕೊಲ್ಲಿ ಜೊತೆನೇ ಕೇಳೋದಂತೆ, ಮಳೆಗೆ ನಮಗೆ ಬೋಂಡಾ ಬಜ್ಜಿ ಇದ್ದ ಹಾಗೆ. ಎಣ್ಣೆ ಜಿಡ್ಡನ್ನ ಮಕ್ಕೊಲ್ಲಿ ಹುಳಿ ಎಳ್ಕೊಂಡ್ ಹೋಗುತ್ತೆ, ಮತ್ತೆ ಇನ್ನೊಂದು ತುಂಡು ಬೇಕು ಅನ್ನಿಸುತ್ತೆ. ಹಿಂದಿನ ವಾರ ಇದೇ ಪಾಜಾನ್ ಯಾಕುಲ್ಟ್ ಸೋಜು ಜೊತೆ ತಿಂದು ಅರ್ಧ ಬಿಟ್ಟಿದ್ವಿ! ತೊಕ್‌ಬೊಕ್ಕಿಗೂ ಮಕ್ಕೊಲ್ಲಿನೇ ಸರಿ, ಅಕ್ಕಿ ಕಡುಬನ್ನ ಬೆರಳಷ್ಟು ಉದ್ದ ಹೊಸೆದ ಹಾಗಿರುತ್ತೆ ಅದು, ಜಗಿದಷ್ಟೂ ಎಳೆಯುತ್ತೆ, ಸಾಸ್ ಖಾರಕ್ಕೆ ಮಜ್ಜಿಗೆ ಕುಡಿದಷ್ಟು ಹಾಯಾಗುತ್ತೆ.

ಚಿಕನ್‌ಗೆ ಮಾತ್ರ ಮಕ್ಕೊಲ್ಲಿ ಸೋತುಹೋಯ್ತು. ಯಾಂಗ್ನ್ಯಾಮ್ ಚಿಕನ್ನನ್ನ ಎರಡು ಸಲ ಕರಿದು ಸಿಹಿಖಾರದ ಸಾಸ್ ಮೆತ್ತಿರ್ತಾರೆ, ಅದರ ಪಕ್ಕ ಮಕ್ಕೊಲ್ಲಿ ಭಾರ ಆಗುತ್ತೆ, ಹೊಟ್ಟೆ ತುಂಬಿಬಿಡುತ್ತೆ. ಅಲ್ಲಿ ಗೆದ್ದಿದ್ದು ಸೋಮೆಕ್, ಮೂರು ಪಾಲು ಸೋಜುಗೆ ಏಳು ಪಾಲು ಬಿಯರ್, ಚಮಚದಲ್ಲಿ ಒಂದ್ಸಲ ಕುಟ್ಟಿ ನೊರೆ ಬರ್ಸಿ ಕುಡೀಬೇಕು. ಕುಡಿದಿದ್ದು ಗೊತ್ತೇ ಆಗಲ್ಲ, ಅದೇ ಅದರ ಅಪಾಯ, ಕ್ಯಾಬ್ ಮೊದ್ಲೇ ಯೋಚನೆ ಮಾಡ್ಕೊಳ್ಳಿ.

ದುಡ್ಡಿನ ಲೆಕ್ಕದಲ್ಲೂ 750 ಎಂಎಲ್ ಮಕ್ಕೊಲ್ಲಿ ಇಬ್ಬರಿಗೆ ಇಡೀ ಸಂಜೆ ಆಯ್ತು, ಕಾಕ್‌ಟೇಲ್ ದಿನ ಬಿಲ್ ಹತ್ರ ಹತ್ರ ಎರಡರಷ್ಟು.

ಮಕ್ಕೊಲ್ಲಿ ಬಾಟಲಿ ತಳದಲ್ಲಿ ಗಸಿ ಕೂತಿರುತ್ತೆ, ಜೋರಾಗಿ ಅಲ್ಲಾಡಿಸ್ಬೇಡಿ, ನಿಧಾನ ತಲೆಕೆಳಗೆ ಮಾಡಿ ಬೆರೆಸಿ. ಇದನ್ನ ಬಟ್ಟಲಲ್ಲಿ ಕುಡಿಯೋದು ವಾಡಿಕೆ, ನಮಗೆ ಮೊದ್ಲು ವೈನ್ ಗ್ಲಾಸ್ ತಂದಿಟ್ರು, ಬಟ್ಟಲು ಕೇಳಿದ್ಮೇಲೆ ಅಡುಗೆಮನೆಯಿಂದ ಎರಡು ಸ್ಟೀಲ್ ಬಟ್ಟಲು ಬಂತು, ಕೇಳಿ, ಕೊಡ್ತಾರೆ. ಪಾಜಾನ್ ಒಂದೊಂದೇ ಆರ್ಡರ್ ಮಾಡಿ, ಆರಿದ್ರೆ ದೋಸೆ ಥರ ರಬ್ಬರ್ ಆಗುತ್ತೆ.