ಅಕ್ಷರದಲ್ಲೇ ಆಡುವ ಮಡ್ ಆಟಗಳು: ಆರ್ಡ್‌ವುಲ್ಫ್, ಡಿಸ್ಕ್‌ವರ್ಲ್ಡ್, ಅಕೇಯಾ – ಹೊಸಬರಿಗೆ ಯಾವುದು?

ಮಡ್ ಆಡಬೇಕು, ಯಾವುದರಿಂದ ಶುರು ಮಾಡಲಿ ಅಂತ ಕೇಳಿದರೆ ‘ಎಲ್ಲಾ ಒಂದೇ, ಯಾವುದಾದರೂ ಸರಿ’ ಅನ್ನುವವರೇ ಜಾಸ್ತಿ. ನಾನಿದನ್ನು ಒಪ್ಪುವುದಿಲ್ಲ. ಹೊರಗಿನಿಂದ ನೋಡಿದರೆ ಎಲ್ಲವೂ ಕಪ್ಪು ಪರದೆ, ಅದರ ಮೇಲೆ ಓಡುವ ಇಂಗ್ಲಿಷ್ ಸಾಲುಗಳು. ಒಳಗೆ ಹೋದ ಮೇಲೆ ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ. ಒಂದು ಆಟ ಕೈಗೆ ಕೆಲಸ ಕೊಡುತ್ತದೆ. ಇನ್ನೊಂದು ಊರು ಸುತ್ತಿಸುತ್ತದೆ. ಮತ್ತೊಂದು ‘ನೀನು ಯಾರು?’ ಅಂತ ಕೇಳುತ್ತದೆ. ನಿಮಗೆ ಹೊಂದದ ಆಟಕ್ಕೆ ಮೊದಲು ಕಾಲಿಟ್ಟರೆ ಈ ಆಟಗಳೇ ನಮಗಲ್ಲ ಅಂತ ವಾಪಸ್ ಬಂದುಬಿಡುತ್ತೀರಿ. ಹಾಗಾಗಬಾರದು ಅಂತ, ನಾನು ಆಡಿ ನೋಡಿದ ಮೂರನ್ನು ಇಲ್ಲಿ ಪಕ್ಕಪಕ್ಕ ಇಡುತ್ತಿದ್ದೇನೆ.

ಹೆಸರೇ ಹೊಸದು ಅನ್ನುವವರಿಗೆ ಎರಡು ಮಾತು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಬರೆದ ಆಟದ ಹೆಸರು ಮಡ್. ಆಮೇಲೆ ಆ ಜಾತಿಗೆಲ್ಲ ಅದೇ ಹೆಸರು ನಿಂತಿತು. ಚಿತ್ರ ಇರುವುದಿಲ್ಲ. ನೀವು ನಿಂತ ಜಾಗ ಹೇಗಿದೆ, ಯಾವ ದಿಕ್ಕಿಗೆ ದಾರಿ ಇದೆ, ಎದುರಿಗೆ ಯಾರಿದ್ದಾರೆ ಅನ್ನುವುದು ಓದೋಕೆ ಬರುತ್ತದೆ. ‘ಲುಕ್’, ‘ನಾರ್ತ್’, ‘ಗೆಟ್ ಲ್ಯಾಂಪ್’ ಅಂತ ಟೈಪ್ ಮಾಡಿ ಎಂಟರ್ ಒತ್ತಬೇಕು. ಅದೇ ಬೀದಿಯಲ್ಲಿ ಬೇರೆ ದೇಶಗಳಲ್ಲಿ ಕೂತವರೂ ಅದೇ ಹೊತ್ತಿಗೆ ಓಡಾಡುತ್ತಿರುತ್ತಾರೆ. ಹೋಗಿ ಬರುವುದು ಬರೀ ಅಕ್ಷರ ಆದ್ದರಿಂದ ಡೇಟಾ ಲೆಕ್ಕಕ್ಕೇ ಬರುವುದಿಲ್ಲ. ಸಿಗ್ನಲ್ ಒಂದೇ ಕಡ್ಡಿ ಇರುವ ಊರಲ್ಲೂ ಆಟ ನಡೆಯುತ್ತದೆ, ಹಳೇ ಲ್ಯಾಪ್‌ಟಾಪ್ ಧಾರಾಳ ಸಾಕು.

ಆರ್ಡ್‌ವುಲ್ಫ್ 1996ರಿಂದ ನಡೆಯುತ್ತಿದೆ. ಪೂರ್ತಿ ಉಚಿತ. ಕಲಿಸುವ ವಿಷಯದಲ್ಲಿ ಈ ಮೂರರಲ್ಲಿ ಇದೇ ಮುಂದು. ಪಾತ್ರ ಮಾಡಿಕೊಂಡ ತಕ್ಷಣ ನಿಮ್ಮನ್ನು ಒಂದು ಅಕಾಡೆಮಿಗೆ ಸೇರಿಸುತ್ತದೆ. ನಡೆಯುವುದು, ಬಟ್ಟೆ ಆಯುಧ ತೊಡುವುದು, ಎದುರಾಳಿ ನಮಗಿಂತ ಗಟ್ಟಿಯಾ ಅಂತ ‘ಕನ್ಸಿಡರ್’ ಹಾಕಿ ನೋಡುವುದು, ಎಲ್ಲವನ್ನೂ ಅಲ್ಲಿ ಮಾಡಿಸಿಯೇ ಬಿಡುತ್ತಾರೆ. ಜಾಗದ ವರ್ಣನೆಯ ಪಕ್ಕದಲ್ಲೇ ಅಕ್ಷರದಲ್ಲಿ ಬರೆದ ಪುಟ್ಟ ನಕ್ಷೆ ಇರುತ್ತದೆ. ದಾರಿ ತಪ್ಪಿದರೆ ‘ರೀಕಾಲ್’ ಅಂದರೆ ಸಾಕು, ಏಲರ್ ಅನ್ನುವ ದೊಡ್ಡ ಊರಿಗೆ ವಾಪಸ್. ಹೊಸಬರ ಚಾನೆಲ್‌ನಲ್ಲಿ, ಅಂದರೆ ಆಟಗಾರರು ಒಟ್ಟಿಗೆ ಹರಟುವ ಜಾಗದಲ್ಲಿ, ಏನು ಕೇಳಿದರೂ ಯಾರಾದರೂ ಉತ್ತರ ಕೊಡುತ್ತಾರೆ.

ಅಕಾಡೆಮಿ ಮುಗಿದ ಮೇಲೆ ಆಟದ ಜೀವ ಇರುವುದು ‘ಕ್ಯಾಂಪೇನ್’ನಲ್ಲಿ. ಕೇಳಿದರೆ ಒಂದು ಪಟ್ಟಿ ಕೊಡುತ್ತದೆ, ಇಂಥಿಂಥ ಪ್ರಾಣಿ, ಇಂಥಿಂಥ ಆಸಾಮಿಯನ್ನು ಹುಡುಕಿ ಹೊಡೆದು ಬಾ ಅಂತ. ಹುಡುಕುವುದೇ ಮುಕ್ಕಾಲು ಆಟ. ಮಟ್ಟ ಏರುತ್ತಾ ಹೋಗಿ 200 ದಾಟಿದ ಮೇಲೆ ‘ರೀಮಾರ್ಟ್’ ಆಗಬಹುದು. ಅಂದರೆ ಗಳಿಸಿದ್ದನ್ನು ಉಳಿಸಿಕೊಂಡು ಇನ್ನೊಂದು ವರ್ಗ (ಕಳ್ಳ, ಪುರೋಹಿತ ಥರದ ಕಸುಬು) ಸೇರಿಸಿ ಮತ್ತೆ ಕೆಳಗಿನಿಂದ ಹತ್ತುವುದು. ವರ್ಗಗಳು ಏಳು. ಆಫೀಸಿನಿಂದ ಬಂದು ಒಂದು ಗಂಟೆ ತಲೆಗೆ ಬೇರೆ ಕೆಲಸ ಬೇಕು ಅನ್ನುವವರಿಗೆ ಹೇಳಿ ಮಾಡಿಸಿದ ಆಟ. ಆದರೆ ಇಲ್ಲಿ ಪಾತ್ರ ಅನ್ನುವುದು ಹೆಸರಿಗೆ ಮಾತ್ರ. ನೀವು ಕಳ್ಳನೋ ಪುರೋಹಿತನೋ ಅನ್ನುವುದು ಯಾವ ಕೌಶಲ ಸಿಗುತ್ತದೆ ಅನ್ನುವುದಕ್ಕಷ್ಟೇ ಲೆಕ್ಕ. ಚಾನೆಲ್‌ಗಳಲ್ಲಿ ಜನ ಮಾತಾಡುವುದು ಹಾಡು, ಊಟ, ಕಂಪ್ಯೂಟರ್ ರಿಪೇರಿ. ಪಾತ್ರವಾಗಿ ಬದುಕಬೇಕು ಅಂತ ಬಂದವರು ಇಲ್ಲಿ ತಿಂಗಳುಗಟ್ಟಲೆ ಇದ್ದರೂ ಅದು ಸಿಗುವುದಿಲ್ಲ.

ಡಿಸ್ಕ್‌ವರ್ಲ್ಡ್ ಮಡ್ ಶುರುವಾಗಿದ್ದು 1991ರಲ್ಲಿ. ಟೆರ್ರಿ ಪ್ರಾಚೆಟ್ ಕಾದಂಬರಿಗಳ ಲೋಕವನ್ನು ಇಟ್ಟುಕೊಂಡು ಕಟ್ಟಿದ್ದು. ಇದೂ ಉಚಿತ. ಆ ಪುಸ್ತಕಗಳನ್ನು ಓದಿರಲೇಬೇಕು ಅಂತಿಲ್ಲ, ಓದಿದ್ದರೆ ಖುಷಿ ಜಾಸ್ತಿ. ನಾನು ಕೊನೆಗೆ ಮನೆ ಮಾಡಿಕೊಂಡಿದ್ದು ಇಲ್ಲೇ. ಅದಕ್ಕೆ ಮೊದಲ ಕಾರಣ ಬರವಣಿಗೆ. ಬೇರೆ ಎಷ್ಟೋ ಮಡ್‌ಗಳಲ್ಲಿ ವರ್ಣನೆ ಒಂದು ಅಲಂಕಾರ. ಇಲ್ಲಿ ವರ್ಣನೆಯಲ್ಲಿ ಬಂದ ಹೆಚ್ಚುಕಮ್ಮಿ ಪ್ರತಿ ವಸ್ತುವನ್ನೂ ತಿರುಗಿ ನೋಡಬಹುದು. ಬೀದಿಯ ವರ್ಣನೆಯಲ್ಲಿ ಚರಂಡಿ ಅಂತ ಬಂದಿದೆ ಅನ್ನಿ. ‘ಲುಕ್ ಡ್ರೈನ್’ ಅಂದರೆ ಆ ಚರಂಡಿಗೇ ಅಂತ ಯಾರೋ ಕೂತು ಎರಡು ಸಾಲು ಬರೆದಿಟ್ಟಿರುತ್ತಾರೆ. ಆ ಎರಡು ಸಾಲಿನಲ್ಲಿ ಇನ್ನೊಂದು ವಸ್ತು ಬಂದಿದ್ದರೆ ಅದನ್ನೂ ನೋಡಬಹುದು. ಹಗಲು ರಾತ್ರಿ, ಮಳೆ ಚಳಿಗೆ ತಕ್ಕ ಹಾಗೆ ಅದೇ ಬೀದಿ ಬೇರೆ ಥರ ಕಾಣುತ್ತದೆ. ಆಂಕ್-ಮೊರ್ಪೋರ್ಕ್ ನಗರದಲ್ಲಿ ಏನೂ ಹೊಡೆಯದೆ, ಏನೂ ಗಳಿಸದೆ, ಸುಮ್ನೆ ಓದಿಕೊಂಡು ತಿರುಗಾಡಿದ ಸಂಜೆಗಳು ನನಗೆ ತುಂಬಾ ಇಷ್ಟ. ಇದನ್ನೆಲ್ಲ ಬರೆದವರು ಸ್ವಯಂಸೇವಕರು, ಹಲವು ವರ್ಷಗಳಿಂದ ಬರೆಯುತ್ತಲೇ ಇದ್ದಾರೆ. ಅವರ ಬಗ್ಗೆ ನನಗೆ ದೊಡ್ಡ ಗೌರವ.

ಎರಡನೆಯದು ಭಾಷೆ. ಆಟದೊಳಗಿನ ಒಂದೊಂದು ನಾಡಿಗೆ ಒಂದೊಂದು ನುಡಿ ಇದೆ. ಮೊರ್ಪೋರ್ಕಿಯನ್ ಮಾತ್ರ ಗೊತ್ತಿರುವ ಪಾತ್ರ ಅಗಾಟಿಯನ್ ಸಾಮ್ರಾಜ್ಯಕ್ಕೆ ಹೋದರೆ ಎದುರಿನವರ ಮಾತು ಅರ್ಥವಾಗದ ಅಕ್ಷರರಾಶಿಯಾಗಿ ಬರುತ್ತದೆ. ಕಲಿಯುತ್ತಾ ಹೋದ ಹಾಗೆ ಮಾತು ತಿಳಿಯಾಗುತ್ತದೆ. ನಾಣ್ಯವೂ ಊರಿಗೊಂದು, ಬದಲಾಯಿಸಿಕೊಳ್ಳಬೇಕು. ಒಂದೂರಿನಿಂದ ಇನ್ನೊಂದೂರಿಗೆ ಹೋಗಿದ್ದೇನೆ ಅನ್ನುವುದು ಇಷ್ಟು ಗಟ್ಟಿಯಾಗಿ ಅನುಭವಕ್ಕೆ ಬಂದಿದ್ದು ಈ ಆಟದಲ್ಲಿ ಮಾತ್ರ.

ಕಷ್ಟವೂ ಇದೆ. ಹೊಸಬರಿಗೆ ಅಂತ ಒಂದು ಚಿಕ್ಕ ಜಾಗ ಇದೆ, ಅದು ಮುಗಿದ ಮೇಲೆ ನಗರದ ನಡುವೆ ಬಿಟ್ಟುಬಿಡುತ್ತಾರೆ. ಆರ್ಡ್‌ವುಲ್ಫ್ ಥರ ಈಗ ಇದು ಮಾಡು, ಆಮೇಲೆ ಅದು ಮಾಡು ಅಂತ ಹೇಳುವವರಿಲ್ಲ. ಕೌಶಲಗಳು ಮರದ ಕೊಂಬೆಗಳ ಹಾಗೆ ಕವಲೊಡೆಯುತ್ತವೆ. ಹೊಡೆದಾಟದ ಒಳಗೆ ಕೈಯಾಯುಧ, ಅದರೊಳಗೆ ಕತ್ತಿ, ಹೀಗೆ. ಮೊದಲು ತಲೆ ತಿರುಗುತ್ತದೆ. ಸತ್ತರೆ ದೆವ್ವವಾಗುತ್ತೀರಿ, ಯಾರಾದರೂ ಎಬ್ಬಿಸಬೇಕು, ಮತ್ತು ಜೀವಗಳ ಸಂಖ್ಯೆಗೆ ಮಿತಿ ಇದೆ. ಆರ್ಡ್‌ವುಲ್ಫ್‌ನಲ್ಲಿ ಸಾವಿಗೆ ಇಷ್ಟು ತೂಕ ಇಲ್ಲ. ಒಂದು ಸಮಾಧಾನ ಏನೆಂದರೆ, ನೀವಾಗಿ ಒಪ್ಪಿ ಹೆಸರು ಬರೆಸಿಕೊಳ್ಳದ ಹೊರತು ಬೇರೆ ಆಟಗಾರರು ನಿಮ್ಮನ್ನು ಕೊಲ್ಲುವಂತಿಲ್ಲ.

ಇನ್ನು ಅಕೇಯಾ. 1997ರಿಂದ ಇದೆ, ನಡೆಸುವುದು ಐರನ್ ರೆಲ್ಮ್ಸ್ ಅನ್ನುವ ಕಂಪನಿ. ಪಾತ್ರ ಮಾಡುವ ಆಸೆ ಇದ್ದರೆ ಈ ಮೂರರಲ್ಲಿ ಇದೊಂದೇ ದಾರಿ. ಊರುಗಳನ್ನು ಆಟಗಾರರೇ ಆಳುತ್ತಾರೆ, ಮಂತ್ರಿಗಳೂ ಅವರೇ. ಒಂದೊಂದು ಊರಿಗೂ ಒಂದು ನಂಬಿಕೆ ಇದೆ. ಟಾರ್ಗೋಸಾಸ್ ಬೆಳಕಿನ ಪರ, ಮಾಲ್ಡೋರ್ ಕೆಡುಕಿನ ಪರ, ಎಲ್ಯೂಸಿಸ್ ಕಾಡಿನ ಪರ. ಊರು ಸೇರುವುದು ಅಂದರೆ ಆ ನಂಬಿಕೆ ಹೊತ್ತುಕೊಳ್ಳುವುದು. ನಾನು ಸೇರಿದ್ದು ಎಲ್ಯೂಸಿಸ್. ಅಲ್ಲೊಬ್ಬ ಹಿರಿಯ ಆಟಗಾರ ನನ್ನ ಮಟ್ಟ ಎಷ್ಟು ಅಂತ ಕೇಳಲಿಲ್ಲ. ಕಾಡನ್ನು ಯಾಕೆ ಕಾಯಬೇಕು ಅನ್ನಿಸಿತು ಅಂತ ಕೇಳಿದರು. ಆ ಪ್ರಶ್ನೆಗೆ ನಾನು ಉತ್ತರ ಕೊಡುವಂತಿಲ್ಲ, ನನ್ನ ಪಾತ್ರ ಕೊಡಬೇಕು, ಅದೂ ಆಗಲೇ, ಅಲ್ಲೇ. ತಾಳಮದ್ದಳೆ ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ವೇಷ ಇಲ್ಲ, ರಂಗ ಇಲ್ಲ, ಎದುರು ಕೂತ ಅರ್ಥಧಾರಿ ಒಂದು ಮಾತು ಎಸೆದಾಗ ಪಾತ್ರ ಬಿಡದೆ ಹಿಡಿದು ವಾಪಸ್ ಎಸೆಯಬೇಕು. ಆ ಖುಷಿಯನ್ನು ಕೀಲಿಮಣೆಯ ಮೇಲೆ ಕೊಟ್ಟಿದ್ದು ಅಕೇಯಾ.

ಇಂಗ್ಲಿಷ್ ಅಷ್ಟು ಸಲೀಸಲ್ಲ ಅಂತ ಹಿಂಜರಿಯಬೇಡಿ. ಮಾತು ಕಮ್ಮಿ ಆಡುವ ಪಾತ್ರ ಮಾಡಿಕೊಳ್ಳಿ. ಬೇರೆ ಸೀಮೆಯಿಂದ ಬಂದವನು, ಕಾಡಲ್ಲೇ ಬೆಳೆದವನು ಅಂದರೆ ಚಿಕ್ಕ ಚಿಕ್ಕ ವಾಕ್ಯ ಸಹಜವಾಗಿ ಕೂರುತ್ತದೆ. ಉಳಿದದ್ದನ್ನು ‘ಎಮೋಟ್’ನಲ್ಲಿ ತೋರಿಸಬಹುದು: ಹುಬ್ಬು ಗಂಟಿಕ್ಕಿದ, ಬಾಗಿಲ ಕಡೆ ನೋಡಿದ, ಹೀಗೆ.

ಅಕೇಯಾದ ಕಾಳಗದ ಬಗ್ಗೆ ಹೇಳದೆ ಇರಲಾರೆ. ಪ್ರತಿ ಸಲ ತೆರೆಯ ಕೊನೇ ಸಾಲಿನಲ್ಲಿ ಆರೋಗ್ಯದ ಅಂಕಿಗಳ ಜೊತೆ ‘ಇ’ ಮತ್ತು ‘ಎಕ್ಸ್’ ಅನ್ನುವ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ. ಒಂದು ಮನಸ್ಸಿನ ಹಿಡಿತ, ಇನ್ನೊಂದು ಮೈಯ ಹಿಡಿತ. ಕತ್ತಿ ಬೀಸಿದರೆ ‘ಎಕ್ಸ್’ ಮಾಯ. ಸ್ವಲ್ಪ ಸೆಕೆಂಡು ಕಳೆದು ಅದು ವಾಪಸ್ ಬರುವ ತನಕ ಮತ್ತೆ ಬೀಸೋಕೆ ಆಗುವುದಿಲ್ಲ. ಆ ಎರಡು ಅಕ್ಷರಗಳ ಮೇಲೇ ಕಣ್ಣು.

ಎದುರಾಳಿ ಬರೀ ರಕ್ತ ಇಳಿಸುವುದಿಲ್ಲ, ರೋಗ ಅಂಟಿಸುತ್ತಾನೆ. ಒಂದೊಂದು ರೋಗಕ್ಕೆ ಒಂದೊಂದು ಮದ್ದು. ಉಬ್ಬಸಕ್ಕೆ ಕೆಲ್ಪ್ ಅನ್ನುವ ಕಡಲಪಾಚಿ ತಿನ್ನಬೇಕು. ಊಟ ಸೇರದ ರೋಗಕ್ಕೆ ಮುಲಾಮು ಹಚ್ಚಬೇಕು. ಮೈ ಜಾರುವ ರೋಗಕ್ಕೆ ವಲೇರಿಯನ್ ಅನ್ನುವ ಗಿಡದ ಹೊಗೆ ಸೇದಬೇಕು. ಈಗ ಮೂರೂ ಒಟ್ಟಿಗೆ ಅಂಟಿತು ಅಂದುಕೊಳ್ಳಿ. ಊಟ ಸೇರುವುದಿಲ್ಲ, ಆದ್ದರಿಂದ ಕೆಲ್ಪ್ ಇಳಿಯುವುದಿಲ್ಲ. ಮೈ ಜಾರುತ್ತಿದೆ, ಮುಲಾಮು ನಿಲ್ಲುವುದಿಲ್ಲ. ಉಬ್ಬಸ, ಹೊಗೆ ಎಳೆಯೋಕೆ ಆಗುವುದಿಲ್ಲ. ಮೂರು ಬಾಗಿಲೂ ಒಂದಕ್ಕೊಂದು ಬೀಗ ಹಾಕಿಕೊಂಡವು! ಇದಕ್ಕೆ ಆಟಗಾರರು ‘ಲಾಕ್’ ಅಂತಲೇ ಕರೆಯುತ್ತಾರೆ. ಬಿಡಿಸಿಕೊಳ್ಳೋಕೆ ಇನ್ನೂ ಕೆಲವು ದಾರಿ ಇವೆ, ನುರಿತ ಎದುರಾಳಿ ಅವನ್ನೂ ಮುಚ್ಚುತ್ತಾನೆ. ಇಷ್ಟು ಚೆನ್ನಾಗಿ ಯೋಚಿಸಿ ಕಟ್ಟಿದ ಕಾಳಗವನ್ನು ನಾನು ಚಿತ್ರ ಇರುವ ಆಟಗಳಲ್ಲೂ ನೋಡಿಲ್ಲ. ಮದ್ದು ತೆಗೆದುಕೊಳ್ಳುವ ಕೆಲಸವನ್ನು ಆಟವೇ ತಾನಾಗಿ ಮಾಡುವ ವ್ಯವಸ್ಥೆ ಇದೆ, ಹೊಸಬರು ಅದನ್ನು ಆನ್ ಮಾಡಿಕೊಂಡಿರಬೇಕು.

ದುಡ್ಡಿನ ವಿಷಯಕ್ಕೆ ಬಂದರೆ ಅಕೇಯಾ ಹಿಂದೆ ಬೀಳುತ್ತದೆ. ಆಡೋಕೆ ಕಾಸು ಕೇಳುವುದಿಲ್ಲ, ನಿಜ. ಆದರೆ ಬೇಗ ಕಲಿಯೋಕೆ, ಒಳ್ಳೆಯ ವಸ್ತು ಪಡೆಯೋಕೆ ‘ಕ್ರೆಡಿಟ್’ ಬೇಕು, ಅದನ್ನು ಡಾಲರ್ ಕೊಟ್ಟು ಕೊಳ್ಳಬಹುದು. ಕೆಲವು ವಸ್ತುಗಳಿಗೆ ಬೀಳುವ ಕ್ರೆಡಿಟ್ ನೂರಾರು ಡಾಲರ್ ಬಾಳುತ್ತದೆ. ಆಟದೊಳಗಿನ ಚಿನ್ನ ಕೊಟ್ಟೂ ಬೇರೆ ಆಟಗಾರರಿಂದ ಕ್ರೆಡಿಟ್ ತಗೊಳ್ಳಬಹುದು, ಅದು ನಿಧಾನದ ದಾರಿ. ನನ್ನ ಸಲಹೆ ಇಷ್ಟೇ: ಕಾಳಗದಲ್ಲಿ ಮೇಲಿನ ಸಾಲಿಗೆ ಬರುವ ಹಠ ಇಲ್ಲದಿದ್ದರೆ ಒಂದು ರೂಪಾಯಿಯೂ ಹಾಕಬೇಕಿಲ್ಲ. ಪಾತ್ರ ಮಾಡುವುದಕ್ಕೆ ಕ್ರೆಡಿಟ್ ಬೇಡ. ಕಾಲೇಜು ಹುಡುಗರು ಅಪ್ಪನ ಕಾರ್ಡ್ ಮುಟ್ಟದೆ ಆರಾಮಾಗಿ ಆಡಬಹುದು.

ಹೊತ್ತೂ ಮುಖ್ಯ. ಅಮೆರಿಕದ ಪೂರ್ವ ಕರಾವಳಿಯವರ ರಾತ್ರಿ ಒಂಬತ್ತು ಗಂಟೆ ಅಂದರೆ ನಮಗೆ ಬೆಳಗ್ಗೆ ಆರೂವರೆ ಅಥವಾ ಏಳೂವರೆ. ಬೇಗ ಏಳುವವರು ಆರ್ಡ್‌ವುಲ್ಫ್, ಅಕೇಯಾ ಎರಡಕ್ಕೂ ಆಗ ಹೋಗಿ, ಜನ ಸಿಗುತ್ತಾರೆ. ಡಿಸ್ಕ್‌ವರ್ಲ್ಡ್‌ನಲ್ಲಿ ಬ್ರಿಟನ್ ಕಡೆಯವರನ್ನು ಹಿಡಿಯಬೇಕಾದರೆ ನಮ್ಮ ರಾತ್ರಿಯೇ ಸರಿ. ಇಲ್ಲಿ ಊಟ ಮುಗಿಸಿ ಕೂತರೆ ಅಲ್ಲಿ ಇನ್ನೂ ಸಂಜೆ. ಪಾತ್ರ ಮಾಡುವ ಆಟಕ್ಕೆ ಎದುರಿಗೆ ಜನ ಬೇಕು, ಅಲ್ವಾ? ಖಾಲಿ ಊರಿಗೆ ಹೋಗಿ ಆಟ ಸತ್ತಿದೆ ಅಂದುಕೊಳ್ಳಬೇಡಿ.

ಆಡೋಕೆ ಮಡ್ಲೆಟ್ ಅನ್ನುವ ಉಚಿತ ತಂತ್ರಾಂಶ ಹಾಕಿಕೊಳ್ಳಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಉದ್ದದ ಆಜ್ಞೆಗೆ ಒಂದಕ್ಷರದ ಅಡ್ಡಹೆಸರು ಕೊಟ್ಟುಕೊಳ್ಳಬಹುದು, ಮುಖ್ಯವಾದ ಸಾಲಿಗೆ ಬಣ್ಣ ಹಾಕಬಹುದು. ಬ್ರೌಸರ್‌ನಲ್ಲೇ ಆಡುವ ಅನುಕೂಲವೂ ಇದೆ, ಮೊದಲ ದಿನಕ್ಕೆ ಸಾಕು. ಫೋನ್ ಮಾತ್ರ ಬೇಡ. ಅರ್ಧ ಪರದೆ ಕೀಲಿಮಣೆಗೇ ಹೋದರೆ ಓದುವುದೇನನ್ನು? ಇನ್ನೊಂದು ಎಚ್ಚರಿಕೆ: ನೀವು ಎದ್ದು ಹೋದ ಮೇಲೂ ಆಟ ತಾನೇ ಆಡಿಕೊಳ್ಳುವ ಹಾಗೆ ಸ್ಕ್ರಿಪ್ಟ್ ಬರೆಯಬೇಡಿ, ಪಾತ್ರ ಕಳೆದುಕೊಳ್ಳಬೇಕಾದೀತು.

ಕಣ್ಣು ಕಾಣದ ಗೆಳೆಯರು ಯಾರಾದರೂ ಇದ್ದರೆ ಅವರಿಗೆ ಈ ಲೋಕ ಖಂಡಿತ ತೋರಿಸಿ. ಎಲ್ಲವೂ ಅಕ್ಷರ ಆದ್ದರಿಂದ ಪರದೆಯ ಅಕ್ಷರವನ್ನು ಓದಿ ಹೇಳುವ ಎನ್‌ವಿಡಿಎ ಥರದ ಉಚಿತ ಸ್ಕ್ರೀನ್ ರೀಡರ್ ಇಟ್ಟುಕೊಂಡು ಕಣ್ಣಿರುವವರ ಸಮಕ್ಕೆ ಆಡಬಹುದು. ಅವರಿಗೆ ನಾನು ಈ ಮೂರಕ್ಕಿಂತ ಮೊದಲು ಆಲ್ಟರ್ ಏಯಾನ್ ಹೇಳುತ್ತೇನೆ. 1995ರಿಂದ ಇರುವ ಆಟ, ಅಂಧ ಆಟಗಾರರ ದೊಡ್ಡ ಬಳಗವೇ ಅಲ್ಲಿದೆ.

ಯಾವ ಆಟವೂ ಗೊತ್ತಿಲ್ಲದವರು ಆರ್ಡ್‌ವುಲ್ಫ್ ಅಕಾಡೆಮಿ ಮುಗಿಸಿ, ಬೆರಳು ಪಳಗುತ್ತದೆ. ಓದುವ ಹುಚ್ಚಿರುವವರು ನೇರ ಡಿಸ್ಕ್‌ವರ್ಲ್ಡ್‌ಗೆ ಬನ್ನಿ. ನಾಟಕ, ಯಕ್ಷಗಾನದ ಗೀಳಿರುವವರಿಗೆ ಅಕೇಯಾ. ಮೂರರಲ್ಲೂ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು, ಆಟವೆಲ್ಲ ಇಂಗ್ಲಿಷ್. ಈ ಕೊರತೆ ನನ್ನನ್ನು ಯಾವಾಗಲೂ ಕಾಡುತ್ತದೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮಡ್ ಕಟ್ಟೋಕೆ ಎವೆನ್ನಿಯಾ ಅನ್ನುವ ಉಚಿತ ಸಲಕರಣೆ ಇದೆ, ಯುನಿಕೋಡ್ ಅಕ್ಷರಗಳಿಗೆ, ಅಂದರೆ ಕನ್ನಡಕ್ಕೂ, ಅದರಲ್ಲಿ ಜಾಗ ಇದೆ. ಕನ್ನಡದಲ್ಲೇ ‘ನೋಡು’, ‘ಬಡಗಣ’, ‘ದೀಪ ತಗೋ’ ಅಂತ ಆಡುವ ಮಡ್ ಕಟ್ಟೋಕೆ ಪೈಥಾನ್ ಬಲ್ಲ ಯಾರಾದರೂ ಮುಂದೆ ಬಂದರೆ, ಬೀದಿಗಳ ವರ್ಣನೆ ಬರೆಯುವ ಕೆಲಸ ನಾನು ವಹಿಸಿಕೊಳ್ಳುತ್ತೇನೆ.